ನೋವಿಗೂ ಅರ್ಧ ನಂಬರೇ?

ಆ ಬೀದಿಯ ಕನ್ನಡಕದ ಅಂಗಡಿಯಲ್ಲಿ ಈಚೆಗೆ ರೇಡಿಯೊ ಬಹಳ ಜೋರಾಗಿ ಕೂಗುತ್ತಿತ್ತು. ಮೊದಲೆಲ್ಲ ಅದು ಮೂಲೆಯಲ್ಲಿ ತನ್ನ ಪಾಡಿಗೆ ಗೊಣಗಿಕೊಂಡಿರುತ್ತಿತ್ತು. ಈಗ ಗಿರಾಕಿ ಒಂದು ಮಾತನ್ನು ಎರಡು ಸಲ ಹೇಳಬೇಕು.

ಒಂದು ಬೆಳಿಗ್ಗೆ ಎದುರಂಗಡಿಯ ದರ್ಜಿ ಹೊಲಿಗೆ ಬಿಟ್ಟು ಎದ್ದು ಬಂದ.

“ಏನೋ ಅರ್ಧ ನಂಬರಣ್ಣ, ಎಲ್ಲದರಲ್ಲೂ ಅರ್ಧ ಇಳಿಸೋನು ನೀನು. ರೇಡಿಯೊ ಮಾತ್ರ ಪೂರ್ತಿ ನಂಬರಲ್ಲಿ ಇಟ್ಟಿದ್ದೀಯಲ್ಲ! ನನ್ನ ಮಿಷಿನ್ ಸದ್ದು ನನಗೇ ಕೇಳಿಸ್ತಿಲ್ಲ.”

ಅಂಗಡಿಯವನು ನಗಲಿಲ್ಲ. ದರ್ಜಿ ತಾನೇ ಕೈ ಚಾಚಿ ರೇಡಿಯೊದ ತಿರುಪು ತಿರುಗಿಸಿದ. ಹಾಡು ತಗ್ಗಿತು. ಆಗ ಪರದೆಯ ಹಿಂದಿನಿಂದ ಇನ್ನೊಂದು ಸದ್ದು ಬಂತು. ಹಲ್ಲು ಕಚ್ಚಿ ಹಿಡಿದರೂ ಮೂಗಿನಿಂದ ಹೊರಡುವ ನರಳಿಕೆ ಅದು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ದರ್ಜಿಯ ಮುಖ ಇಳಿಯಿತು. “ತಮ್ಮನಾ?”

“ಹೂಂ.”

“ಯಾವಾಗಿಂದ?”

“ಇರುತ್ತೆ ಹೀಗೆ. ಬರ್ತಾ ಹೋಗ್ತಾ ಇರುತ್ತೆ,” ಎಂದು ಅಂಗಡಿಯವನು ರೇಡಿಯೊವನ್ನು ಮತ್ತೆ ಜೋರು ಮಾಡಿದ.

ಆ ಅಂಗಡಿ ಅಣ್ಣ ತಮ್ಮ ಇಬ್ಬರದು, ಮನೆಯೂ ಅದರ ಹಿಂಭಾಗದಲ್ಲೇ. ಅಣ್ಣ ಮುಂದೆ ಕೂತು ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ತಮ್ಮ ಹಿಂದಿನ ಕೋಣೆಯಲ್ಲಿ ಲೆನ್ಸುಗಳಿಗೆ ಸಾಣೆ ಹಿಡಿದು ಫ್ರೇಮಿಗೆ ಕೂರಿಸುತ್ತಿದ್ದ. ಯಾವ ನಂಬರಿನ ಲೆನ್ಸ್ ಎಷ್ಟು ತರಿಸಬೇಕು ಎನ್ನುವುದೂ ಅವನದೇ ಜವಾಬ್ದಾರಿ. ಅಣ್ಣನಿಗೆ ಬೀದಿಯವರು ‘ಅರ್ಧ ನಂಬರಣ್ಣ’ ಎಂದು ಹೆಸರಿಟ್ಟಿದ್ದರು. ಕಾರಣವಿತ್ತು. ಕಣ್ಣಿನ ಡಾಕ್ಟರು ನಾಲ್ಕು ಎಂದು ಬರೆದರೆ ಅವನು ಮೂರೂವರೆ ಎಂದು ಬರೆದು ಒಳಗೆ ಕಳಿಸುತ್ತಿದ್ದ. “ಪೂರ್ತಿ ನಂಬರ್ ಕೊಟ್ಟರೆ ಕಣ್ಣು ಸೋಮಾರಿ ಆಗುತ್ತೆ. ಆಮೇಲೆ ನಂಬರ್ ಏರ್ತಾನೇ ಹೋಗುತ್ತೆ. ಸ್ವಲ್ಪ ಕಡಿಮೆ ಕೊಟ್ಟರೆ ಕಣ್ಣೂ ದುಡಿಯುತ್ತೆ,” ಎನ್ನುತ್ತಿದ್ದ. ಅವನ ಅಪ್ಪನೂ ಹಾಗೆಯೇ ಹೇಳುತ್ತಿದ್ದ. ಇದು ತಪ್ಪು ತಿಳಿವಳಿಕೆ. ನಂಬರ್ ಇಳಿಸಿ ಕೊಟ್ಟರೆ ಅದು ಏರುವುದು ನಿಲ್ಲುವುದಿಲ್ಲ ಎಂದು ಅಧ್ಯಯನಗಳು ಹೇಳಿವೆ. ಆದರೆ ಹಳೆಯ ಅಂಗಡಿಗಳಲ್ಲಿ ಈ ನಂಬಿಕೆ ಇನ್ನೂ ಉಳಿದಿದೆ.

ತಮ್ಮನ ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆಯಿತ್ತು. ಒಳಗೊಂದು ದೀಪ, ಅದರ ಮುಂದೆ ಬೆಳಕನ್ನು ಸೋಸುವ ಎರಡು ಹಾಳೆಗಳು. ಹೊಸದಾಗಿ ಮಾಡಿದ ಕನ್ನಡಕವನ್ನು ಆ ಹಾಳೆಗಳ ನಡುವೆ ಹಿಡಿದು ನೋಡಬೇಕು. ಫ್ರೇಮಿನ ತಿರುಪು ಹೆಚ್ಚು ಬಿಗಿಯಾಗಿ ಲೆನ್ಸ್ ಒತ್ತಡದಲ್ಲಿದ್ದರೆ ಅದರ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಏಳುತ್ತವೆ. ಬರಿಗಣ್ಣಿಗೆ ಅದೇ ಲೆನ್ಸ್ ತಿಳಿನೀರಿನಂತೆ ಕಾಣುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಯಾರೂ ಮುಟ್ಟದಿದ್ದರೂ ಬಿರುಕು ಬಿಡಬಹುದು. “ಪೆಟ್ಟಿಗೇಲಿಟ್ಟು ನೋಡದೆ ನಾನು ಯಾರ ಕೈಗೂ ಕನ್ನಡಕ ಕೊಡಲ್ಲ,” ಎನ್ನುವುದು ತಮ್ಮನ ಹಟ.

ಈಗ ಆ ಪೆಟ್ಟಿಗೆಯ ಮೇಲೆ ಧೂಳು ಕೂತಿತ್ತು. ತಮ್ಮನಿಗೆ ಕ್ಯಾನ್ಸರ್. ಕಂಡುಹಿಡಿಯುವ ಹೊತ್ತಿಗೆ ಅದು ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿತ್ತು. ವಾಸಿ ಮಾಡುವ ದಾರಿ ಉಳಿದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ನೋವಿಗೆ ಮಾರ್ಫಿನ್ ಮಾತ್ರೆ ಬರೆದಿದ್ದರು, ನಾಲ್ಕು ಗಂಟೆಗೊಂದು. ಜೊತೆಗೆ ಮಲಬದ್ಧತೆ ಆಗದಂತೆ ಇನ್ನೊಂದು ಔಷಧಿ. ಮನೆಗೇ ಬಂದು ನೋಡುವ ನರ್ಸ್ ಇದ್ದಾರೆ, ತೊಂದರೆಯಾದರೆ ಫೋನ್ ಮಾಡಿ ಎಂದೂ ಹೇಳಿದ್ದರು.

ಅಣ್ಣ ಫೋನ್ ಮಾಡಿರಲಿಲ್ಲ. ದರ್ಜಿ ಮಾಡಿದ.

ನರ್ಸ್ ಮಾರನೆಯ ಮಧ್ಯಾಹ್ನ ಬಂದಳು. ದಪ್ಪ ಕನ್ನಡಕ, ಹೆಗಲಿಗೆ ಚೀಲ. ಅಣ್ಣ ಅವಳನ್ನು ನೋಡಿದೊಡನೆ ಗುರುತು ಹಿಡಿದ.

“ಏನಮ್ಮಾ, ನರ್ಸು ನೀನೇನಾ! ಎರಡು ಜಡೆ ಹಾಕ್ಕೊಂಡು ಬರ್ತಿದ್ದೆ. ಕನ್ನಡಕ ಬೇಡ ಅಂತ ಇಲ್ಲೇ ಅತ್ತಿದ್ದೆ.”

“ಈಗ ಇದಿಲ್ಲದೆ ನನ್ನ ಕೈ ನನಗೇ ಕಾಣಲ್ಲ ಅಣ್ಣಾ. ಅವತ್ತಿಂದ ಇವತ್ತಿನವರೆಗೂ ನಿಮ್ಮ ಅಂಗಡೀದೇ. ಎಲ್ಲಿ, ಒಳಗೆ ಹೋಗೋಣ.”

ಒಳಗೆ ತಮ್ಮ ಮಂಚದ ಮೇಲೆ ಮಲಗಿರಲಿಲ್ಲ, ಕೂತಿದ್ದ. ಮುಂದೆ ಒಂದು ಸ್ಟೂಲು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಅವನ ಹಣೆ. ಬೆನ್ನು ಹಾಸಿಗೆಗೆ ತಾಗಿದರೆ ತಡೆಯಲಾಗದು ಎಂದು ಹೀಗೆಯೇ ಕೂತು ನಿದ್ದೆ ಮಾಡುತ್ತಿದ್ದ. ನಿದ್ದೆ ಎಂದರೆ ತೂಕಡಿಕೆ. ಹೆಂಡತಿ ಪಕ್ಕದಲ್ಲಿ ನಿಂತು ಅವನ ಭುಜ ಹಿಡಿದಿದ್ದಳು.

ನರ್ಸ್ ಕೆಳಗೆ ಕೂತು ಅವನ ಮುಖಕ್ಕೆ ಮುಖ ಕೊಟ್ಟಳು.

“ಅಣ್ಣಾ, ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ಇದಕ್ಕಿಂತ ಹೆಚ್ಚು ಇರೋಕೆ ಸಾಧ್ಯವೇ ಇಲ್ಲ. ನಿಮ್ಮದೆಷ್ಟು?”

ತಮ್ಮ ಕಣ್ಣೆತ್ತಿ ಬಾಗಿಲಲ್ಲಿ ನಿಂತ ಅಣ್ಣನನ್ನು ನೋಡಿದ. “ನಾಲ್ಕು.”

“ನೋಡಿದ್ಯಾ?” ಎಂದ ಅಣ್ಣ. “ನಾನೂ ಅದನ್ನೇ ಹೇಳೋದು. ತಡ್ಕೊಳ್ತಾನೆ. ಗಟ್ಟಿ ಜೀವ.”

ಮುಂದೆ ಯಾರೋ ಗಿರಾಕಿ ಕರೆದರು. ಅಣ್ಣ ಹೋದ. ಪರದೆ ಬಿದ್ದಿತು.

ನರ್ಸ್ ಮತ್ತೆ ಕೇಳಿದಳು, ದನಿ ತಗ್ಗಿಸಿ. “ನಾಲ್ಕೇನಾ?”

ತಮ್ಮ ಪರದೆಯತ್ತ ಒಮ್ಮೆ ನೋಡಿದ. “ಬರಿಗಣ್ಣಿಗೆ ನಾಲ್ಕು. ಪೆಟ್ಟಿಗೇಲಿಟ್ಟು ನೋಡಿದ್ರೆ ಎಂಟು.”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನರ್ಸ್ ಅವಳತ್ತ ತಿರುಗಿದಳು.

“ಅಕ್ಕಾ, ಮಾತ್ರೆ ಎಲ್ಲಿಟ್ಟಿದ್ದೀರಿ? ನಾಲ್ಕು ಗಂಟೆಗೊಂದು ಕೊಡ್ತಿದ್ದೀರಾ?”

ಹೆಂಡತಿ ಕಪಾಟಿನಿಂದ ಒಂದು ಕನ್ನಡಕದ ಡಬ್ಬಿ ತಂದಳು. ತೆರೆದರೆ ಒಳಗೆ ಮಾತ್ರೆಗಳು. ಎಲ್ಲವೂ ಅರ್ಧರ್ಧ. ಅಂಚು ಒಡೆಯದಂತೆ, ಪುಡಿಯಾಗದಂತೆ, ಅಳೆದು ಕತ್ತರಿಸಿದ್ದವು.

“ಯಾರು ಕತ್ತರಿಸಿದ್ದು?”

“ಭಾವ. ಅರ್ಧ ಸಾಕು ಅಂದ್ರು. ಅದೂ ತೀರ ತಡೀಲಾರದಾಗ ಮಾತ್ರ ಕೊಡು ಅಂದ್ರು. ಹೊಟ್ಟೆ ಸಲೀಸಾಗೋ ಔಷಧಿ ಬೇರೆ ಯಾಕೆ, ಎಷ್ಟೂಂತ ನುಂಗ್ತಾನೆ ಅಂತ ಅದನ್ನ ನಿಲ್ಲಿಸಿಬಿಟ್ರು. ಈಗ ಹೊಟ್ಟೆ ಕಟ್ಟಿ ಕಲ್ಲಾಗಿದೆ.”

ನರ್ಸ್ ಎದ್ದು ಪರದೆ ಸರಿಸಿದಳು. “ಅಣ್ಣಾ, ಗಿರಾಕೀನ ಕಳಿಸಿ ಒಂದು ನಿಮಿಷ ಬನ್ನಿ.”

ಅಣ್ಣ ಬಂದ. ಡಬ್ಬಿ ನೋಡಿದ. ತಪ್ಪು ಮಾಡಿದವನ ಮುಖ ಅವನದಾಗಿರಲಿಲ್ಲ.

“ಹೌದು, ನಾನೇ ಕತ್ತರಿಸಿದೆ. ಮಾರ್ಫಿನ್ ಅಂದ್ರೆ ಏನು ಅಂತ ನನಗೂ ಗೊತ್ತಮ್ಮಾ. ಕಡೇ ಮಾತ್ರೆ ಅದು. ಈಗಲೇ ಪೂರ್ತಿ ಕೊಟ್ಟು ಮೈಗೆ ಅಭ್ಯಾಸ ಆಗಿಬಿಟ್ರೆ ನಾಳೆ ನೋವು ಹೆಚ್ಚಾದಾಗ ಏನು ಕೊಡೋದು? ಚಟ ಹಿಡಿದ್ರೆ? ಉಸಿರು ನಿಂತ್ರೆ?”

“ನಾಳೆಗೆ ಅಂತ ಇವತ್ತು ಉಪವಾಸ ಕೆಡವಿದ ಹಾಗಾಯ್ತು.”

“ಹಾಗಲ್ಲ. ಸಂಶೋಧನೆ ನಡೀತಿದೆ. ನಾನು ದಿನಾ ಪೇಪರ್ ಓದ್ತೀನಿ. ಔಷಧಿಯ ಒಂದೊಂದು ಅಣುವಿನ ಆಕಾರಾನೂ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಹುಡುಕ್ತಿದ್ದಾರಂತೆ. ನಮ್ಮ ಕಸುಬಲ್ಲೇ ನೋಡು. ನಮ್ಮಪ್ಪನ ಕಾಲದಲ್ಲಿ ಸೋಡಾ ಬಾಟ್ಲಿ ತಳದಂಥ ಗಾಜು. ಆಮೇಲೆ ಪ್ಲಾಸ್ಟಿಕ್ ಬಂತು. ಈಗ ಅದೇ ನಂಬರಿಗೆ ಹಾಳೆಯಷ್ಟು ತೆಳ್ಳಗಿನ ಲೆನ್ಸ್ ಬಂದಿದೆ. ಇದಕ್ಕೂ ಏನೋ ಒಂದು ಬರುತ್ತೆ. ಬರೋವರೆಗೆ ಅವನು ತಡೀಬೇಕು.”

ನರ್ಸ್ ಸಿಟ್ಟಾಗಲಿಲ್ಲ. ಇಂಥ ಮಾತು ಅವಳು ಅನೇಕ ಮನೆಗಳಲ್ಲಿ ಕೇಳಿದ್ದಳು.

“ಪೇಪರಲ್ಲಿ ಬಂದಿದ್ದು ಸುಳ್ಳಲ್ಲ ಅಣ್ಣಾ. ನೋವು ತಗ್ಗಿಸಬೇಕು, ಉಸಿರಿಗೆ ತೊಂದರೆ ಮಾಡಬಾರದು, ಅಂಥ ಅಣು ಹುಡುಕ್ತಿದ್ದಾರೆ. ಆದ್ರೆ ಇವರ ನೋವಿಗೆ ಮಾರ್ಫಿನ್ನಿನ ಜಾಗದಲ್ಲಿ ಕೊಡೋ ಅಂಥದ್ದು ಇನ್ನೂ ನಮ್ಮ ಕೈಗೆ ಬಂದಿಲ್ಲ. ಅದು ಬರೋವರೆಗೆ ಕಾಯೋಕೆ ನಿಮ್ಮ ತಮ್ಮನಿಗೆ ಪುರುಸೊತ್ತಿಲ್ಲ.”

ಅಣ್ಣ ಡಬ್ಬಿಯ ಮುಚ್ಚಳ ಹಾಕಿದ.

“ಕೈಯಲ್ಲಿರೋದರ ಬಗ್ಗೆ ಹೇಳ್ತೀನಿ, ಕೇಳಿ. ನೋವಿನ ಸುದ್ದಿ ನರದ ದಾರೀಲಿ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಹೋಗುತ್ತೆ. ದಾರೀಲಿ ಪುಟ್ಟ ಪುಟ್ಟ ಗೂಡುಗಳಿವೆ. ನಿಮ್ಮ ಫ್ರೇಮಿಗೆ ಲೆನ್ಸ್ ಕೂರೋ ಹಾಗೆ ಮಾರ್ಫಿನ್ನಿನ ಅಣು ಆ ಗೂಡಲ್ಲಿ ಕೂರುತ್ತೆ. ಆಗ ಸುದ್ದಿ ತಗ್ಗುತ್ತೆ. ಸಾಕಷ್ಟು ಗೂಡು ತುಂಬಲಿಲ್ಲ ಅಂದ್ರೆ ಸುದ್ದಿ ದಾಟ್ತಾನೇ ಇರುತ್ತೆ. ಕೆಲವು ಗಂಟೆ ಆದ್ಮೇಲೆ ಅಣು ಗೂಡು ಬಿಟ್ಟು ಹೋಗುತ್ತೆ. ಅದಕ್ಕೇ ಗಂಟೆ ನೋಡಿ ಕೊಡಬೇಕು. ನೋವು ಬಂದ್ಮೇಲೆ ಅಟ್ಟಿಸಿಕೊಂಡು ಹೋಗೋದಲ್ಲ.”

“ಚಟ?”

“ಚಟ ಅಂದ್ರೆ ಮನಸ್ಸು ಅದನ್ನೇ ಹುಡುಕ್ಕೊಂಡು ಅಲೆಯೋದು. ಡಾಕ್ಟರು ಹೇಳಿದಷ್ಟು, ಕ್ಯಾನ್ಸರ್ ನೋವಿಗೆ ಅಂತ ತಗೊಂಡವರಿಗೆ ಅದು ಅಪರೂಪ. ನೋವು ಹೆಚ್ಚಾದ್ರೆ ಪ್ರಮಾಣಾನೂ ಡಾಕ್ಟರು ನೋಡಿ ನೋಡಿ ಏರಿಸ್ತಾರೆ. ನಾಳೆಗೆ ಅಂತ ಇವತ್ತು ಉಳಿಸಿಡೋ ಸಾಮಾನಲ್ಲ ಇದು.”

ಅಣ್ಣ ತಲೆಯಾಡಿಸಿದ. ಒಪ್ಪಿದ ಹಾಗೆ ಅಲ್ಲ, ಬೇಡ ಎನ್ನುವ ಹಾಗೆ. “ನೀನು ಓದಿದವಳು, ಹೇಳ್ತೀಯ. ಮೂವತ್ತು ವರ್ಷದಿಂದ ನಾನು ಅರ್ಧ ಇಳಿಸಿ ಕೊಟ್ಟಿದ್ದೀನಿ. ಯಾರಿಗೆ ಕೆಟ್ಟದಾಯ್ತು? ನಿನ್ನ ಕನ್ನಡಕಾನೂ ಹಾಗೇ ಕೊಟ್ಟಿದ್ದು. ಕಾಣಲ್ವಾ ನಿನಗೆ?”

“ಚೆನ್ನಾಗಿ ಕಾಣುತ್ತೆ,” ಎಂದಳು ನರ್ಸ್, ಇದ್ದದ್ದು ಇದ್ದ ಹಾಗೆ.

“ಮತ್ತೆ!”

“ಅದು ಪೂರ್ತಿ ನಂಬರ್, ಅಣ್ಣಾ.”

ಮಾತು ದಿಂಬಿನ ಮೇಲಿನಿಂದ ಬಂದಿತ್ತು. ಮೂವರೂ ತಿರುಗಿ ನೋಡಿದರು. ತಮ್ಮ ಹಣೆ ಎತ್ತಿರಲಿಲ್ಲ.

“ಏನಂದೆ?”

“ಆ ಕನ್ನಡಕ. ಪೂರ್ತಿ ನಂಬರಿಂದು. ಎಲ್ಲರದ್ದೂ ಅಷ್ಟೇ.” ಅವನು ಉಸಿರಿಗಾಗಿ ನಿಂತ. “ನೀನು ಇಳಿಸಿ ಬರೀತಿದ್ದೆ. ಡಾಕ್ಟರ ಚೀಟೀನೂ ಅದಕ್ಕೇ ಪಿನ್ ಹೊಡೆದು ಕಳಿಸ್ತಿದ್ದೆ. ನಾನು ಡಾಕ್ಟರದ್ದು ನೋಡಿ ಮಾಡ್ತಿದ್ದೆ.”

“ಸುಳ್ಳು.”

“ಅಳೆದು ನೋಡು.”

ನರ್ಸ್ ಕನ್ನಡಕ ತೆಗೆದು ಅಣ್ಣನ ಕೈಗಿಟ್ಟಳು. “ಮೊನ್ನೆ ತಾನೇ ಕಣ್ಣಾಸ್ಪತ್ರೇಲಿ ನೋಡಿಸಿದೆ. ಎರಡಕ್ಕೂ ಮೈನಸ್ ನಾಲ್ಕು. ಬೇಗ ತನ್ನಿ ಅಣ್ಣಾ, ಇಲ್ಲಾಂದ್ರೆ ನಾನು ಮಂಚಕ್ಕೆ ಸೂಜಿ ಚುಚ್ಚಿಬಿಟ್ಟೇನು.”

ಯಾರೂ ನಗಲಿಲ್ಲ, ತಮ್ಮನೊಬ್ಬನನ್ನು ಬಿಟ್ಟು. ಅವನ ನಗು ನಡುವಿನಲ್ಲೇ ನರಳಿಕೆಯಾಯಿತು.

ಅಣ್ಣ ಮುಂದಿನ ಕೋಣೆಗೆ ಹೋಗಿ ನಂಬರ್ ನೋಡುವ ಯಂತ್ರದ ಮುಂದೆ ಕೂತ. ತಮ್ಮ ಮಾಡಿದ ಕನ್ನಡಕವನ್ನು ಅವನು ಇದುವರೆಗೆ ಯಂತ್ರಕ್ಕೆ ಹಿಡಿದಿರಲಿಲ್ಲ. ತಮ್ಮನ ಕೆಲಸವನ್ನು ಮತ್ತೆ ಅಳೆಯುವುದೆಂದರೆ ಅವನಿಗೆ ಅವಮಾನ ಮಾಡಿದಂತೆ ಎಂದು ತಿಳಿದಿದ್ದ. ಎಡಗಣ್ಣಿನದು ನೋಡಿದ. ಬಲಗಣ್ಣಿನದು ನೋಡಿದ. ಮತ್ತೆ ಎಡಗಣ್ಣಿನದು. ಆ ಹೊತ್ತಿನಲ್ಲಿ ರೇಡಿಯೊದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಅವನು ಅದನ್ನು ಆರಿಸಿದ.

ಮತ್ತೆ ಒಳಗೆ ಬಂದಾಗ ಅವನು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಒರೆಸಬೇಕಾದ್ದೇನೂ ಇರಲಿಲ್ಲ.

“ನಾಲ್ಕು,” ಎಂದ. ಆಮೇಲೆ ತಮ್ಮನಿಗೆ, “ಯಾಕೋ ಹೇಳಲಿಲ್ಲ?”

“ಹೇಳಿದ್ರೆ ಜಗಳ ಆಗ್ತಿತ್ತು. ಮಾಡಿಬಿಡೋದು ಸುಲಭ ಇತ್ತು.”

“ಮಾತ್ರೆ ಅರ್ಧ ಅಂತ ನಿನಗೆ ಗೊತ್ತಿತ್ತಾ?”

“ಅಂಚು ನೋಡಿದ್ರೆ ಗೊತ್ತಾಗಲ್ವಾ ನನಗೆ? ಚೆನ್ನಾಗಿ ಕತ್ತರಿಸಿದ್ದೀಯ.” ತಮ್ಮ ಕಣ್ಣು ಮುಚ್ಚಿದ. “ನನ್ನನ್ನ ಉಳಿಸ್ಕೊಳ್ಳೋಕೆ ನೋಡ್ತಿದ್ದೆ ನೀನು. ಹೇಗೆ ಬೇಡ ಅನ್ನಲಿ?”

ಅಣ್ಣ ಕನ್ನಡಕವನ್ನು ನರ್ಸಿನ ಕೈಗೆ ವಾಪಸ್ ಕೊಟ್ಟ.

“ಯಾರ ಕಣ್ಣೂ ಸೋಮಾರಿ ಆಗಲಿಲ್ಲ ಅಣ್ಣಾ,” ಎಂದ ತಮ್ಮ. “ನನ್ನ ನೋವು ನಾಲ್ಕಲ್ಲ, ಎಂಟು. ನನಗೂ ಪೂರ್ತಿ ಕೊಟ್ಟುಬಿಡು.”

ನರ್ಸ್ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಬರೆದಿದ್ದ ಪ್ರಮಾಣವನ್ನೇ ಗಂಟೆ ತಪ್ಪದೆ ಕೊಡಿ, ನಾಳೆ ಮತ್ತೆ ಹೇಳಿ, ಅಗತ್ಯ ಕಂಡರೆ ಏರಿಸೋಣ ಎಂದರು ಡಾಕ್ಟರು. ಹೊಟ್ಟೆಯ ಔಷಧಿ ಮತ್ತೆ ಶುರುವಾಯಿತು. ಅಣ್ಣ ಹೊಸ ಮಾತ್ರೆಯನ್ನು ಇಡಿಯಾಗಿ ತಮ್ಮನ ನಾಲಿಗೆಯ ಮೇಲಿಟ್ಟು ನೀರಿನ ಲೋಟ ಹಿಡಿದ. ಆಮೇಲೆ ಗಡಿಯಾರ ನೋಡಿ ಮುಂದಿನ ಮಾತ್ರೆಯ ಹೊತ್ತನ್ನು ಬರೆದಿಟ್ಟ.

ಮೊದಲ ಎರಡು ದಿನ ತಮ್ಮ ಮಂಪರಿನಲ್ಲಿದ್ದ. ಅಣ್ಣ ಹೆದರಿ ನರ್ಸಿಗೆ ಫೋನ್ ಮಾಡಿದ. “ನೋಡಮ್ಮಾ, ಮಂಕು ಹಿಡಿದ ಹಾಗಿದೆ. ನಾನು ಹೇಳಿರಲಿಲ್ವಾ?”

“ಕರೆದ್ರೆ ಏಳ್ತಾರಾ?”

“ಏಳ್ತಾನೆ. ನೀರು ಕೇಳ್ತಾನೆ. ಮತ್ತೆ ಮಲಗ್ತಾನೆ.”

“ಉಸಿರು?”

“ಸರಿಯಾಗಿದೆ.”

“ಹಾಗಾದ್ರೆ ಹೆದರಬೇಡಿ, ಸಂಜೆ ನಾನೂ ಬಂದು ನೋಡ್ತೀನಿ. ಶುರೂಲಿ ಹೀಗೇ, ಎರಡು ಮೂರು ದಿನಕ್ಕೆ ತಗ್ಗುತ್ತೆ. ಎಷ್ಟು ವಾರದ ನಿದ್ದೆ ಬಾಕಿ ಇಟ್ಟಿದ್ರು ಅವರು! ಕರೆದ್ರೂ ಏಳಲಿಲ್ಲ, ಉಸಿರು ತೀರ ನಿಧಾನ ಆಯ್ತು ಅಂದ್ರೆ ಮಾತ್ರ ಒಂದು ಕ್ಷಣಾನೂ ಕಾಯದೆ ಕರೀರಿ.”

ಡಾಕ್ಟರು ಒಮ್ಮೆ ಪ್ರಮಾಣ ಏರಿಸಿದರು. ವಾರ ಮುಗಿಯುವ ಹೊತ್ತಿಗೆ ನರ್ಸ್ ಕೇಳಿದಾಗ ತಮ್ಮ “ಮೂರು” ಎಂದ. ಕೇಳುವಾಗ ಅಣ್ಣ ಅಲ್ಲೇ ಇದ್ದ.

“ಬರಿಗಣ್ಣಿಗಾ, ಪೆಟ್ಟಿಗೇಲಿಟ್ಟಾ?” ಎಂದಳು ನರ್ಸ್.

“ಪೆಟ್ಟಿಗೇಲಿಟ್ಟೇ.”

ಸ್ಟೂಲು ಮಂಚದ ಬದಿಗೆ ಸರಿಯಿತು. ತಮ್ಮ ಒಂದು ಮಗ್ಗುಲಿಗೆ ಮಲಗಿ ನಿದ್ದೆ ಮಾಡಿದ. ಒಂದು ದಿನ ಹೆಂಡತಿಯ ಕನ್ನಡಕವನ್ನೂ ಆ ಪೆಟ್ಟಿಗೆಯನ್ನೂ ಕೇಳಿ ತರಿಸಿಕೊಂಡ. ದೀಪ ಹಾಕಿ ನೋಡಿದ. “ಇದೇನೇ, ಇಷ್ಟು ಬಿಗಿ! ಹೇಳಬಾರದಾ?” ಎಂದು ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದ. “ನೀವು ನಿಮ್ಮದನ್ನ ಹೇಳಿದ್ರಾ?” ಎಂದಳು ಅವಳು. ಆ ತಿರುಪು ಸಡಿಲಿಸಿದ್ದೇ ಅವನು ಮಾಡಿದ ಕೊನೆಯ ಕೆಲಸ.

ಅವನು ಬದುಕಲಿಲ್ಲ. ಬದುಕುವುದಿಲ್ಲ ಎನ್ನುವುದು ಮೊದಲೇ ಗೊತ್ತಿತ್ತು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ, ಬೀದಿಯ ಅಂಗಡಿಗಳು ಬಾಗಿಲೆತ್ತುವ ಹೊತ್ತಿನಲ್ಲಿ, ಹೆಂಡತಿಯೂ ಅಣ್ಣನೂ ಪಕ್ಕದಲ್ಲಿರುವಾಗ ಅವನ ಉಸಿರು ನಿಂತಿತು. ನರಳಿಕೆ ಇರಲಿಲ್ಲ.

ಉಳಿದ ಮಾತ್ರೆಗಳನ್ನು ಅಣ್ಣ ತಾನೇ ಆಸ್ಪತ್ರೆಗೆ ಹಿಂದಿರುಗಿಸಲು ಹೋದ. ಅಲ್ಲಿ ನರ್ಸ್ ಸಿಕ್ಕಳು.

“ಕೊನೆಗೆ ಅವರು ನೆಮ್ಮದಿಯಾಗಿ ಹೋದರಲ್ಲ ಅಣ್ಣಾ,” ಎಂದಳು.

“ಹೋದ. ಮೂರರಲ್ಲೇ ಹೋದ.” ಅಣ್ಣ ಕನ್ನಡಕದ ಡಬ್ಬಿಯನ್ನು ತೆರೆದ. ಇಡೀ ಮಾತ್ರೆಗಳ ಜೊತೆ ಆ ಹಳೆಯ ಅರ್ಧಗಳೂ ಅದರಲ್ಲಿದ್ದವು. “ಇವು ಎಂಟರ ದಿನದವು. ಕಾಯಿಲೆ ಕೊಟ್ಟಿದ್ದನ್ನ ಕಾಯಿಲೆ ಕೊಡ್ತು. ಈ ಇನ್ನರ್ಧ ನೋವು ನಾನು ಕೊಟ್ಟಿದ್ದು. ಇದನ್ನ ಎಲ್ಲಿ ವಾಪಸ್ ಮಾಡಲಿ?”

ನರ್ಸ್ ಮಾತ್ರೆಗಳನ್ನು ಎಣಿಸಿ ತೆಗೆದುಕೊಂಡು ಖಾಲಿ ಡಬ್ಬಿಯನ್ನು ಅವನ ಕೈಗಿಟ್ಟಳು.

ಬೀದಿಯವರು ಅವನನ್ನು ಇಂದಿಗೂ ಅರ್ಧ ನಂಬರಣ್ಣ ಎಂದೇ ಕರೆಯುತ್ತಾರೆ. ಅವನು ಈಗ ಡಾಕ್ಟರು ಬರೆದ ನಂಬರನ್ನೇ ಕೊಡುತ್ತಾನೆ. ಆದರೂ ಹೆಸರು ಬದಲಿಸಿ ಎಂದು ಯಾರನ್ನೂ ಕೇಳಿಲ್ಲ. ಗಿರಾಕಿಗಳು ಮಾತಿನ ನಡುವೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದರೆ ಕೈಯಲ್ಲಿರುವ ಕೆಲಸ ಕೆಳಗಿಟ್ಟು ಒಂದು ಪ್ರಶ್ನೆ ಕೇಳುತ್ತಾನೆ: “ನೋವು ಎಷ್ಟು ಅಂತ ಅವರನ್ನೇ ಕೇಳಿದ್ದೀರಾ? ಯಾರೂ ಇಲ್ಲದಾಗ ಕೇಳಿದ್ದೀರಾ?”

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಆ ಪ್ರಶ್ನೆ ನಿಮಗೂ ಸೇರಿದ್ದು. ವಾಸಿಯಾಗದ ಕಾಯಿಲೆ ಬಹಳ ಇವೆ. ಆದರೆ ವಾಸಿಯಾಗದ ಕಾಯಿಲೆಯ ನೋವನ್ನೂ ಹೆಚ್ಚಿನವರಲ್ಲಿ ತಗ್ಗಿಸಬಹುದು. ಅದಕ್ಕೆಂದೇ ಇರುವ ಚಿಕಿತ್ಸೆಗೆ ಉಪಶಾಮಕ ಆರೈಕೆ, ಆಸ್ಪತ್ರೆಯ ಮಾತಿನಲ್ಲಿ ಪ್ಯಾಲಿಯೇಟಿವ್ ಕೇರ್, ಎನ್ನುತ್ತಾರೆ. ಅದು ಕೊನೆಯ ವಾರಕ್ಕೆ ಎತ್ತಿಡುವ ಚಿಕಿತ್ಸೆಯಲ್ಲ. ದೊಡ್ಡ ಕಾಯಿಲೆ ಗೊತ್ತಾದ ದಿನದಿಂದ, ಉಳಿದ ಚಿಕಿತ್ಸೆಯ ಜೊತೆಜೊತೆಗೇ ಶುರು ಮಾಡಬಹುದು. ಹಾಗೆ ಬೇಗ ಶುರು ಮಾಡಿದವರ ದಿನಗಳು ಹೆಚ್ಚು ಸಹ್ಯವಾಗಿರುತ್ತವೆ ಎನ್ನುವುದೂ ಸಂಶೋಧನೆಯಿಂದ ತಿಳಿದ ವಿಷಯವೇ. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಹೆಸರು ಹೇಳಿ ಕೇಳಿ. ಮಾರ್ಫಿನ್ ಬರೆದುಕೊಟ್ಟರೆ ಡಾಕ್ಟರು ಹೇಳಿದಷ್ಟನ್ನು ಹೇಳಿದ ಗಂಟೆಗೆ ಕೊಡಿ. ನೀವಾಗಿ ಇಳಿಸಬೇಡಿ, ನೀವಾಗಿ ಏರಿಸಬೇಡಿ, ಒಮ್ಮೆಲೇ ನಿಲ್ಲಿಸಬೇಡಿ. ಜೊತೆಗೆ ಕೊಟ್ಟ ಹೊಟ್ಟೆಯ ಔಷಧಿಯನ್ನು ಬಿಡಬೇಡಿ. ಬೇರೆಯವರ ಕೈಗೆ ಸಿಗದಂತೆ ಬೀಗದಲ್ಲಿಡಿ, ಉಳಿದದ್ದನ್ನು ಹಿಂದಿರುಗಿಸಿ.

ಅದಕ್ಕೂ ಮೊದಲು ಒಂದು ಕೆಲಸವಿದೆ. ನಿಮ್ಮ ಮನೆಯಲ್ಲಿ ರೇಡಿಯೊ ಜೋರಾಗಿದ್ದರೆ ಸ್ವಲ್ಪ ತಗ್ಗಿಸಿ. ಒಳಗಿನ ಕೋಣೆಯಿಂದ ಏನು ಕೇಳಿಸುತ್ತದೆ, ಕಿವಿಗೊಡಿ.